ಬೇಸಿಗೆ ರಜೆಯ ಪ್ರವಾಸ ಮತ್ತು ಮನೆ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಪರೀಕ್ಷೆ ಹತ್ತಿರ ಬಂತೆಂದರೆ ನನಗೆ ಒಂದೇ ತರದ ಪ್ರಶ್ನೆಗಳು ಬರೋಕೆ ಶುರು. ನಾದಿನಿ ಫೋನ್ ಮಾಡುತ್ತಾಳೆ, ಎದುರು ಮನೆಯವರು ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾರೆ, ಓದುಗರು ಪತ್ರ ಬರೆಯುತ್ತಾರೆ. ಹನ್ನೊಂದು ವರ್ಷದಿಂದ ನಾನು ಮನೆ ಖರ್ಚನ್ನು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ, ಅದು ಅವರಿಗೆಲ್ಲ ಗೊತ್ತು. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ನಾವಿರೋದು ಬೆಂಗಳೂರಿನಲ್ಲಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಲೆಕ್ಕವೆಲ್ಲ ಅಂಥ ಒಂದು ಮನೆಯದು.

## ಹೊರಡೋ ಮೊದಲು

"ಟ್ರಿಪ್ಪಿಗೆ ಎಷ್ಟು ದುಡ್ಡು ಬೇಕಾಗುತ್ತೆ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?"

ಎಷ್ಟು ಬೇಕು ಅಂತ ನೋಡೋಕೆ ಮುಂಚೆ ಎಷ್ಟಿದೆ ಅಂತ ನೋಡಿ. ಊರು ಆರಿಸೋದು ಆಮೇಲೆ.

ನಮ್ಮಲ್ಲಿ ರಜೆಯ ಖರ್ಚೂ ಸ್ಕೂಲಿನ ಖರ್ಚೂ ಬೆನ್ನಿಗೆ ಬೆನ್ನು ಹತ್ತಿ ಬರುತ್ತವೆ. ಏಪ್ರಿಲ್, ಮೇನಲ್ಲಿ ತಿರುಗಾಟ. ಜೂನ್ ಶುರುವಾಗೋ ಹೊತ್ತಿಗೆ ಫೀಸು, ಪುಸ್ತಕ, ಯೂನಿಫಾರ್ಮು, ಶೂ, ವ್ಯಾನಿನ ಅಡ್ವಾನ್ಸು. ಪ್ರವಾಸದಿಂದ ಬಂದ ಮನೆಗಳಲ್ಲಿ ಜೂನ್ ತಿಂಗಳ ಮುಖ ಬಾಡೋದು ಇದೇ ಕಾರಣಕ್ಕೆ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪ್ರವಾಸದ ಪುಟದ ಮೊದಲ ಸಾಲು ಯಾವಾಗಲೂ ಜೂನ್ ತಿಂಗಳದ್ದು.

ಒಂದು ವರ್ಷದ ಲೆಕ್ಕ ಹೇಳುತ್ತೇನೆ. ಕೈಯಲ್ಲಿದ್ದದ್ದು 1,10,000 ರೂಪಾಯಿ. ಇಬ್ಬರು ಮಕ್ಕಳ ಜೂನ್ ಖರ್ಚು 68,000. ಮೇ ತಿಂಗಳ ವಿಮೆ ಕಂತು 9,000. ಆಸ್ಪತ್ರೆ, ರಿಪೇರಿ ಅಂತ ಮುಟ್ಟದೇ ಇಡೋದು 8,000. ಉಳಿದದ್ದು 25,000. ಆ ವರ್ಷದ ಪ್ರವಾಸ ಅಷ್ಟರೊಳಗೇ ಆಗಬೇಕಿತ್ತು. ಊಟಿಗೆ ಕಾರು ಮಾಡಿಕೊಂಡು ಹೋಗೋ ಆಸೆ ಮಕ್ಕಳಿಗಿತ್ತು, ಆ ದುಡ್ಡಿಗೆ ಅದು ಆಗುತ್ತಿರಲಿಲ್ಲ. ಸಮುದ್ರಕ್ಕೆ ಹೋಗೋದು ಆಗುತ್ತಿತ್ತು. ಈ ಲೆಕ್ಕವನ್ನು ಮಗಳಿಗೆ ತೋರಿಸಿದೆ. ಅವಳೇ ಗೋಕರ್ಣ ಅಂದಳು.

"ಏನೇನು ಬರೆದ್ಕೋಬೇಕು? ನಮಗೆ ಯಾವಾಗಲೂ ಏನೋ ಒಂದು ಬಿಟ್ಟುಹೋಗುತ್ತೆ."

ಟಿಕೆಟ್ಟು, ರೂಮು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗೋದು ಮಧ್ಯದ ಸಣ್ಣ ಓಡಾಟ: ಸ್ಟೇಷನ್ನಿನಿಂದ ರೂಮಿಗೆ ಆಟೋ, ರೂಮಿನಿಂದ ಬೀಚಿಗೆ ಆಟೋ, ಪಾರ್ಕಿಂಗು, ಚಪ್ಪಲಿ ಸ್ಟ್ಯಾಂಡು, ಕ್ಯಾಮೆರಾ ಚಾರ್ಜು, ನೀರಿನ ಬಾಟಲಿ, ಎಳನೀರು.

ಆ ಗೋಕರ್ಣದ ಪುಟವನ್ನೇ ಬಿಚ್ಚಿಡುತ್ತೇನೆ. ಪಂಚಗಂಗಾ ರೈಲಿನಲ್ಲಿ ರಾತ್ರಿ ಪ್ರಯಾಣ, ಮೂರು ಹಗಲು ಅಲ್ಲಿ, ಮತ್ತೆ ರಾತ್ರಿ ರೈಲಿನಲ್ಲಿ ವಾಪಸ್ಸು. ನಾಲ್ವರ ಸ್ಲೀಪರ್ ಟಿಕೆಟ್ ಎರಡೂ ಕಡೆಗೆ ಸೇರಿ 3,500. ನಾಲ್ಕು ಜನರ ಒಂದು ರೂಮು 2,600ರಂತೆ ಎರಡು ರಾತ್ರಿಗೆ 5,200. ಆಟೋ, ಮುರುಡೇಶ್ವರಕ್ಕೆ ಹೋಗಿಬಂದ ಕಾರು ಸೇರಿ 4,000. ಊಟ ತಿಂಡಿ 5,400. ದೋಣಿ, ಪ್ರವೇಶದ ಟಿಕೆಟ್ಟು 1,500. ನೀರು, ಎಳನೀರು, ಐಸ್‌ಕ್ರೀಮು, ಚಪ್ಪಲಿ ಸ್ಟ್ಯಾಂಡಿನವರೆಗೆ ಚಿಲ್ಲರೆ ಖರ್ಚೇ 1,500. ಊರಿಗೆ ತಂದದ್ದು 2,000. ಒಟ್ಟು 23,100. ಇದರ ಮೇಲೆ ನೂರಕ್ಕೆ ಹತ್ತರಷ್ಟು ಕೈಮೀರಿದ ಖರ್ಚಿಗೆ ಅಂತ ಇಡಬೇಕು. ನಮ್ಮ ಹತ್ತಿರ ಉಳಿದಿದ್ದು 1,900 ಮಾತ್ರ. ಅದರಲ್ಲಿ 700 ಮಗನ ಹೊಟ್ಟೆನೋವಿಗೆ ಡಾಕ್ಟರಿಗೆ ಹೋಯಿತು.

ಈ ದರಗಳು ನಿಮಗೆ ಹಾಗೇ ಸಿಗುತ್ತವೆ ಅಂತಲ್ಲ. ರೂಮಿನ ಖರ್ಚಿಗಿಂತ ಊಟದ ಖರ್ಚು ಜಾಸ್ತಿಯಾಗಿದೆ ನೋಡಿ, ಸ್ಥಳೀಯ ಓಡಾಟ ರೈಲಿನ ಟಿಕೆಟ್ಟನ್ನೂ ಮೀರಿದೆ. ನಿಮ್ಮ ಲೆಕ್ಕದಲ್ಲಿ ಆಟೋ, ಕಾರಿಗೆ 500 ಅಂತಷ್ಟೇ ಬರೆದಿದ್ದರೆ ಇನ್ನೊಮ್ಮೆ ಕೂತು ಬರೆಯಿರಿ.

"ಅಜ್ಜಿ ಮನೆಗೆ ಹೋದರೆ ಖರ್ಚೇ ಇಲ್ಲ ಅಲ್ವಾ?"

ನಮಗೆ ಖರ್ಚಿಲ್ಲ, ಅಜ್ಜಿಗೆ ಇದೆ. ಇದನ್ನು ನಾನು ತಡವಾಗಿ ಕಂಡುಕೊಂಡೆ.

ನನ್ನ ತವರು ತಿಪಟೂರಿನ ಹತ್ತಿರದ ಹಳ್ಳಿ. ಒಂದು ಮೇ ತಿಂಗಳು ಎಲ್ಲ ಮೊಮ್ಮಕ್ಕಳೂ ಹದಿನೈದು ದಿನ ಅಲ್ಲಿದ್ದರು. ಏಳು ಮಕ್ಕಳು. ಅಡಿಗೆಮನೆ ಅಟ್ಟದ ಮೇಲೆ ಅಮ್ಮ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಪಕ್ಕ ಒಂದು ಡಬ್ಬಿ ಇಡುತ್ತಾಳೆ, ಅದರಲ್ಲಿ ಕೊಬ್ಬರಿ ಮಾರಿದ ದುಡ್ಡು. ಹೊರಡೋ ದಿನ ಸಕ್ಕರೆ ತೆಗೆಯೋಕೆ ಹತ್ತಿದಾಗ ಆ ಡಬ್ಬಿ ಕೈಗೆ ಹಗುರವಾಗಿ ಸಿಕ್ಕಿತು. ಹಾಲು, ಗ್ಯಾಸು, ಹಣ್ಣು, ದಿನಾ ಸಂಜೆ ಬೋಂಡ, ಎಲ್ಲ ಅದರಿಂದಲೇ ಹೋಗಿತ್ತು. ಅಮ್ಮ ಒಂದು ಮಾತೂ ಆಡಿರಲಿಲ್ಲ.

ಈಗ ಹೋಗೋ ಮೊದಲೇ ಅಲ್ಲಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ ತಿಂಗಳ ಸಾಮಾನು ಹಾಕಿಸುತ್ತೇನೆ, ಒಂದು ಸಿಲಿಂಡರ್ ತುಂಬಿಸುತ್ತೇನೆ. ಕೈಗೆ ದುಡ್ಡು ಕೊಟ್ಟರೆ ಅಮ್ಮ ತಗೊಳ್ಳಲ್ಲ. ಸಾಮಾನು ಬಂದರೆ ಬೈದುಕೊಂಡು ಒಳಗಿಡುತ್ತಾಳೆ. ವಾರಕ್ಕೆ ಮೂರು ನಾಲ್ಕು ಸಾವಿರ ಅಂತ ನಮ್ಮ ಪುಟದಲ್ಲಿ ಬರೆಯುತ್ತೇನೆ.

ಹೋಗಿಬರೋಕೆ ಮಾತ್ರ ನಿಜವಾಗಿಯೂ ಅಗ್ಗ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸವಿರೋ ಗುರುತಿನ ಚೀಟಿ ಜೊತೆಗಿರಲಿ. ರಾಜಹಂಸ, ಐರಾವತ, ಸ್ಲೀಪರ್ ಬಸ್ಸುಗಳಿಗೆ ಇದು ನಡೆಯಲ್ಲ, ಹೊರ ರಾಜ್ಯಕ್ಕೆ ಹೋಗೋ ಬಸ್ಸಿಗೂ ಇಲ್ಲ.

"ಯಾವ ವಾರ ಹೋದರೆ ಕಮ್ಮಿಗೆ ಆಗುತ್ತೆ?"

ಸೋಮವಾರ ಹೋಗಿ ಗುರುವಾರ ಬನ್ನಿ. ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಶನಿವಾರದ ರೂಮಿನ ದರಕ್ಕೂ ಮಂಗಳವಾರದ ದರಕ್ಕೂ ದೊಡ್ಡ ಅಂತರವಿರುತ್ತದೆ. ಮೇ 1ರ ಆಚೀಚೆ, ಗುಡ್ ಫ್ರೈಡೆ, ತಮಿಳು ಹೊಸವರ್ಷ ಮತ್ತು ವಿಷು ಬರೋ ಏಪ್ರಿಲ್ ನಡುವಿನ ವಾರ, ಇವನ್ನು ಬಿಡಿ. ಜಾಗದ ಕಾಲವನ್ನೂ ನೋಡಿ. ಜೋಗಕ್ಕೆ ಮೇನಲ್ಲಿ ಹೋದರೆ ಬಂಡೆ ನೋಡಿಕೊಂಡು ಬರಬೇಕು, ನೀರಿಗೆ ಮಳೆಗಾಲವೇ ಸರಿ. ಹಂಪಿಯಲ್ಲಿ ಮಧ್ಯಾಹ್ನ ಕಲ್ಲು ಕಾದು ಮಕ್ಕಳು ಕಾಲಿಡೋಕಾಗಲ್ಲ.

## ಹೋಗೋದು, ಉಳಿಯೋದು, ತಿನ್ನೋದು

"ರೈಲು ಟಿಕೆಟ್ ಯಾವಾಗ ಬುಕ್ ಮಾಡಬೇಕು? ಮಕ್ಕಳಿಗೆ ಅರ್ಧ ಟಿಕೆಟ್ಟಾ?"

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಮುಂಚೆ 120 ದಿನ ಇತ್ತು. ಅಂದರೆ ಮೇ 5ರ ರೈಲಿಗೆ ಮಾರ್ಚ್ 6ರ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸೋ ಕೆಲಸ ಫೆಬ್ರವರಿಯಲ್ಲೇ ಮುಗಿಸಿ. ಬುಕಿಂಗ್ ತೆರೆದ ಮೊದಲ ಹೊತ್ತಿನಲ್ಲಿ ಅಂಥ ಖಾತೆಗಳಿಗೇ ಅವಕಾಶ, ತತ್ಕಾಲ್‌ಗೂ ಆಧಾರ್ ಬೇಕು.

ಐದು ವರ್ಷ ತುಂಬದ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರ ಒಳಗಿನವರಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ರಾತ್ರಿ ಪ್ರಯಾಣಕ್ಕೆ ಬರ್ತ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಒಂಬತ್ತು ವರ್ಷದ ಹುಡುಗನನ್ನು ಪಕ್ಕ ಮಲಗಿಸಿಕೊಂಡು ನಿದ್ದೆಯಿಲ್ಲದೆ ಇಳಿದರೆ ಮೊದಲ ದಿನ ಪೂರ್ತಿ ರೂಮಿನಲ್ಲೇ ಕಳೆಯುತ್ತದೆ. ಅಜ್ಜ ಅಜ್ಜಿ ಬರುತ್ತಾರಾ? ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ, ಪೂರ್ತಿ ದರ ಹಾಕಿಯೇ ಲೆಕ್ಕ ಬರೆಯಿರಿ.

"ಸ್ವಂತ ಕಾರು, ಬಾಡಿಗೆ ಕಾರು, ಬಸ್ಸು, ಯಾವುದು ಅಗ್ಗ?"

ಬೆಂಗಳೂರಿನಿಂದ ಮಡಿಕೇರಿ, ಅಲ್ಲಿ ಓಡಾಟ, ವಾಪಸ್ಸು, ಒಟ್ಟು 700 ಕಿಲೋಮೀಟರ್, ಮೂರು ದಿನ ಅಂದುಕೊಳ್ಳಿ. ಸ್ವಂತ ಕಾರು ಲೀಟರಿಗೆ 15 ಕೊಟ್ಟರೆ ಸುಮಾರು 47 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ 4,800ರ ಆಸುಪಾಸು. ಟೋಲ್ ಬೇರೆ.

ಬಾಡಿಗೆ ಕಾರಿನಲ್ಲಿ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಇರುತ್ತದೆ. ಅದನ್ನು ಕೇಳದೆ ಒಪ್ಪಬೇಡಿ. ದಿನಕ್ಕೆ 300 ಅಂದರೆ ನೀವು 700 ಓಡಿಸಿದರೂ ಬಿಲ್ಲು 900ಕ್ಕೆ. 14 ರೂಪಾಯಿಯಂತೆ 12,600, ಡ್ರೈವರ್ ಬಾಟಾ ದಿನಕ್ಕೆ 500ರಂತೆ 1,500, ಟೋಲು ಪಾರ್ಕಿಂಗು ಸೇರಿ 15,000 ಮುಟ್ಟುತ್ತದೆ. ಮೀಟರ್ ಎಲ್ಲಿಂದ ಶುರು, ನಿಮ್ಮ ಮನೆಯಿಂದಲೋ ಅವರ ಶೆಡ್ಡಿನಿಂದಲೋ? ಹೊರ ರಾಜ್ಯವಾದರೆ ಪರ್ಮಿಟ್ ದುಡ್ಡು ಯಾರದ್ದು? ರಾತ್ರಿ ಡ್ರೈವರ್ ಎಲ್ಲಿ ಮಲಗುತ್ತಾರೆ? ಇದನ್ನು ಖಂಡಿತ ಕೇಳಿ. ದಿನವಿಡೀ ಘಾಟಿ ಓಡಿಸಿದ ಮನುಷ್ಯ ಕಾರಿನ ಸೀಟಿನಲ್ಲಿ ಮಲಗಿ ಬೆಳಿಗ್ಗೆ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಇಳಿಯಬೇಕು ಅನ್ನೋದು ತಪ್ಪು. ಡ್ರೈವರಿಗೆ ಜಾಗ ಕೊಡೋ ಲಾಡ್ಜನ್ನೇ ನಾನು ಹುಡುಕುತ್ತೇನೆ.

ಬಸ್ಸೇ ಸಾಕು ಅನ್ನೋರಿಗೆ: ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಅಥವಾ ಜಾಸ್ತಿ ಜನಕ್ಕೆ ಒಂದೇ ಟಿಕೆಟ್ ಮುಂಗಡವಾಗಿ ಮಾಡಿಸಿದರೆ ನೂರಕ್ಕೆ 5 ರಿಯಾಯಿತಿ. ಹೋಗೋದು, ಬರೋದು ಒಟ್ಟಿಗೆ ಮಾಡಿಸಿದರೆ ಬರೋ ಟಿಕೆಟ್ಟಿನಲ್ಲಿ ನೂರಕ್ಕೆ 10. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ.

"ಊಟಿಗೆ ಹೋಗೋಕೆ ಪಾಸ್ ಬೇಕಂತೆ, ಅದಕ್ಕೆಷ್ಟು?"

ಪಾಸಿಗೆ ದುಡ್ಡಿಲ್ಲ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕೆನಾಲಿಗೂ ಇ-ಪಾಸ್ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯ 8,000 ವಾಹನ ಅಂತ ಮಿತಿಯನ್ನೂ ಹಾಕಿದರು. ಹಾಗಾಗಿ ರೂಮಿಗೆ ಅಡ್ವಾನ್ಸ್ ಕಟ್ಟೋ ಮೊದಲು ತಮಿಳುನಾಡು ಸರ್ಕಾರದ ತಾಣದಲ್ಲಿ ಆ ದಿನದ ಪಾಸ್ ಸಿಗುತ್ತಾ ನೋಡಿ. ಪಾಸ್ ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. ಸರ್ಕಾರಿ ಬಸ್ಸಿನಲ್ಲಿ ಹೋದರೆ ಇದರ ಗೊಡವೆಯೇ ಇಲ್ಲ.

ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ತಡವಾಗಿ ಹೊರಟು ಗುಂಡ್ಲುಪೇಟೆಯಲ್ಲಿ ಸಿಕ್ಕಿಕೊಂಡರೆ ಲೆಕ್ಕದಲ್ಲಿಲ್ಲದ ಒಂದು ರಾತ್ರಿಯ ರೂಮು ಸೇರಿಕೊಳ್ಳುತ್ತದೆ.

"ರೂಮು ಒಳ್ಳೇದಾ, ಹೋಂಸ್ಟೇ ಒಳ್ಳೇದಾ?"

ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳು ಹೆಚ್ಚಾಗಿ ತಲೆಗೆ ಇಷ್ಟು ಅಂತ ಹೇಳುತ್ತವೆ. ರಾತ್ರಿ ಊಟ, ಬೆಳಿಗ್ಗೆ ತಿಂಡಿ, ಸಂಜೆ ಕಾಫಿ ಅದರಲ್ಲೇ ಸೇರಿರುತ್ತೆ. ತಲೆಗೆ 2,000 ಅಂದರೆ ನಾಲ್ವರಿಗೆ ಒಂದು ರಾತ್ರಿಗೆ 8,000. ಲಾಡ್ಜಿನಲ್ಲಿ 3,000, ಊಟಕ್ಕೆ 1,500 ಅಂದರೆ 4,500. ಅಂತರ ಕಣ್ಣಿಗೆ ಕಾಣುತ್ತದೆ. ಎಷ್ಟು ವಯಸ್ಸಿನವರೆಗೆ ಮಕ್ಕಳಿಗೆ ಅರ್ಧ ಅಂತ ಕೇಳಿ, ಈ ವಯಸ್ಸು ಒಂದೊಂದು ಕಡೆ ಒಂದೊಂದು. ತೋಟದಲ್ಲಿ ಇಡೀ ದಿನ ಆಡಿಕೊಂಡಿರೋ ಪುಟ್ಟ ಮಕ್ಕಳಿದ್ದರೆ ಹೋಂಸ್ಟೇ ದುಡ್ಡು ಸಾರ್ಥಕ, ಸುತ್ತ ಓಡಾಡೋ ಖರ್ಚೂ ಉಳಿಯುತ್ತದೆ. ಬೆಳಿಗ್ಗೆ ಹೊರಟು ರಾತ್ರಿ ಬರೋರಾದರೆ ಲಾಡ್ಜೇ ಸಾಕು.

ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳನ್ನು ಮರೆಯಬೇಡಿ. ಮಡಿಕೇರಿಯ ವ್ಯಾಲಿ ವ್ಯೂ, ಶ್ರೀರಂಗಪಟ್ಟಣದ ರಿವರ್‌ವ್ಯೂ, ಜೋಗದ ಗೇರುಸೊಪ್ಪ ಇಂಥವು ಒಳ್ಳೇ ಜಾಗದಲ್ಲಿವೆ.

ರಾತ್ರಿ ರೈಲಿನಲ್ಲಿ ಹೋಗೋರು ಒಂದು ಮಾತು ಕೇಳಿಕೊಳ್ಳಿ: "ಚೆಕ್‌ಔಟ್ 24 ಗಂಟೆಯದ್ದಾ, 12 ಗಂಟೆಗಾ?" ಬೆಳಿಗ್ಗೆ ಏಳಕ್ಕೆ ಇಳಿದು ಹನ್ನೆರಡರವರೆಗೆ ಬ್ಯಾಗು ಹಿಡಿದುಕೊಂಡು ಕೂರೋದು, ಇಲ್ಲಾ ಅರ್ಧ ದಿನದ ದುಡ್ಡು ಜಾಸ್ತಿ ಕೊಡೋದು, ಎರಡೂ ಬೇಡ. ತೆರಿಗೆ ಸೇರಿದ ದರವನ್ನೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೇ ದರ ಇದ್ದರೆ ತೋರಿಸಿ ಕೇಳಿ.

"ಊಟದ ಖರ್ಚು ಹೇಗೆ ಹಿಡಿತದಲ್ಲಿಡೋದು?"

ಹೋಗೋ ರಾತ್ರಿಯ ಊಟ ಮನೆಯಿಂದ ಕಟ್ಟಿಕೊಳ್ಳಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ. ಧರ್ಮಸ್ಥಳ, ಹೊರನಾಡು, ಶೃಂಗೇರಿ, ಕೊಲ್ಲೂರು ಕಡೆ ಹೋದರೆ ಪ್ರಸಾದದ ಊಟ ಇದೆ. ಆದ ಉಳಿತಾಯದಲ್ಲಿ ಸ್ವಲ್ಪ ಹುಂಡಿಗೆ ಹಾಕಿ ಬರುತ್ತೇವೆ. ಪ್ರವಾಸಿ ಜಾಗದ ಎದುರಿನ ಹೋಟೆಲ್ ಬಿಟ್ಟು ಬಸ್‌ಸ್ಟ್ಯಾಂಡ್ ಹತ್ತಿರ ಆ ಊರಿನವರು ತಿನ್ನೋ ಹೋಟೆಲಿಗೆ ಹೋಗಿ. ಒಂದು ಹೊತ್ತಾದರೂ ಮಕ್ಕಳು ಕೇಳಿದ್ದು ಕೊಡಿಸಿ, ಎಲ್ಲದಕ್ಕೂ ಬೇಡ ಅನ್ನೋದಾದರೆ ಪ್ರವಾಸ ಯಾಕೆ?

"ಮಕ್ಕಳು ಕಂಡದ್ದೆಲ್ಲ ಕೇಳ್ತಾರೆ, ಏನು ಮಾಡೋದು?"

ಮೊದಲ ದಿನವೇ ಇಬ್ಬರಿಗೂ ಒಂದೊಂದು ಕವರಿನಲ್ಲಿ 300 ರೂಪಾಯಿ ಕೊಟ್ಟೆ. ನಿಮ್ಮದು, ಹೇಗೆ ಬೇಕಾದರೂ ಖರ್ಚು ಮಾಡಿ, ಮತ್ತೆ ಕೇಳಬೇಡಿ ಅಂದೆ. ಗೋಕರ್ಣದ ರಥಬೀದಿಯಲ್ಲಿ ಮಗಳು ಕಪ್ಪೆಚಿಪ್ಪಿನ ಕೀಚೈನ್ ಎತ್ತಿಕೊಂಡಳು. 60 ರೂಪಾಯಿ. ಕವರು ತೆಗೆದು ಎಣಿಸಿದಳು, ಕೀಚೈನನ್ನು ತಿರುಗಿಸಿ ನೋಡಿದಳು, ವಾಪಸ್ ಇಟ್ಟಳು. ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ತಗೊಂಡಳು, ಅದು ಅವಳ ಅಜ್ಜಿಗೆ. ಅಮ್ಮನ ಬೀರುವಿನ ಕೀಲಿ ಈಗಲೂ ಅದರಲ್ಲೇ ಇದೆ.

## ಸ್ವಲ್ಪ ಮುಂದಿನ ಲೆಕ್ಕ

"ಪೂರ್ತಿ ದುಡ್ಡು ಮುಂಚೆನೇ ಕಳಿಸಿ ಅಂತಾರೆ. ನಂಬಬಹುದಾ?"

ಪೂರ್ತಿ ಕಳಿಸಬೇಡಿ. ನಾವೊಮ್ಮೆ ಒಂದು ಪ್ಯಾಕೇಜಿಗೆ ಪೂರ್ತಿ ಕಟ್ಟಿ, ಅತ್ತೆ ಆಸ್ಪತ್ರೆ ಸೇರಿ ಹೋಗೋಕಾಗದೆ, ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ರದ್ದಾದರೆ ಎಷ್ಟು ಕೊಡುತ್ತೀರಿ ಅಂತ ನಾನು ಕೇಳಿರಲಿಲ್ಲ. ಈಗ ಅದನ್ನು ವಾಟ್ಸಾಪಿನಲ್ಲಿ ಬರೆಸಿಕೊಂಡೇ ಅಡ್ವಾನ್ಸ್ ಕಳಿಸುತ್ತೇನೆ.

ಹೋಟೆಲಿನ ಹೆಸರಿನಲ್ಲಿ ನಕಲಿ ಪುಟ ಮಾಡಿ ದುಡ್ಡು ಹೊಡೆಯುವವರೂ ಇದ್ದಾರೆ. ಯುಪಿಐ ಕಳಿಸುವಾಗ ಬರೋ ಹೆಸರು ಹೋಟೆಲಿನದ್ದಾ, ಯಾರೋ ವ್ಯಕ್ತಿಯದ್ದಾ ನೋಡಿ. ರೂಮಿನ ವಿಡಿಯೋ ಕಾಲ್ ಮಾಡಿ ಅನ್ನಿ, ನಿಜವಾದವರು ಮಾಡುತ್ತಾರೆ. ಮೋಸ ಹೋದಿರಿ ಅನಿಸಿದ ಕೂಡಲೇ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆಯೋ ಸಾಧ್ಯತೆ ಜಾಸ್ತಿ. ರೈಲಿನಲ್ಲಿ ಖಾತ್ರಿಯಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಏನೂ ಬರಲ್ಲ ಅನ್ನೋದೂ ನೆನಪಿರಲಿ.

"ಅಣ್ಣನ ಮನೆಯವರೂ ಬರ್ತಾರೆ. ಖರ್ಚು ಹಂಚೋದು ಹೇಗೆ? ಮನಸ್ತಾಪ ಆಗಬಾರದು."

ಹೊರಡೋ ಮೊದಲೇ ಮಾತಾಡಿ. ಕಾರು, ರೂಮು ಮನೆಗಿಷ್ಟು. ಊಟ ತಲೆಗಿಷ್ಟು, ಪುಟ್ಟ ಮಕ್ಕಳಿಗೆ ಅರ್ಧ. ಎರಡೂ ಮನೆಯಿಂದ ಐದೈದು ಸಾವಿರ ಒಂದು ಪರ್ಸಿಗೆ ಹಾಕಿ, ಆ ಪರ್ಸು ಒಬ್ಬರ ಕೈಯಲ್ಲೇ ಇರಲಿ. ನಮ್ಮಲ್ಲಿ ಅದು ಅತ್ತಿಗೆ. ಖಾಲಿಯಾದಾಗ ಮತ್ತೆ ಇಬ್ಬರೂ ಹಾಕುತ್ತೇವೆ. ದುಡ್ಡು ಕಮ್ಮಿ ಇರೋ ಮನೆಯವರೇ ಮೊದಲು ಮೊತ್ತ ಹೇಳಲಿ. ಜಾಸ್ತಿ ಇರೋರು ಮೊದಲು ಹೋಟೆಲ್ ಹೆಸರು ಹೇಳಿಬಿಟ್ಟರೆ ಇನ್ನೊಬ್ಬರಿಗೆ ಬೇಡ ಅನ್ನೋಕೆ ಬಾಯಿ ಬರಲ್ಲ.

"ಈಗ ಕಾರ್ಡಿನಲ್ಲಿ ಹೋಗಿ ಬಂದು ಆಮೇಲೆ ಕಟ್ಟಿದರೆ ಆಗಲ್ವಾ?"

ಬೇಡ. ಗಡುವಿನೊಳಗೆ ಪೂರ್ತಿ ಕಟ್ಟೋ ದುಡ್ಡು ಬ್ಯಾಂಕಿನಲ್ಲಿ ಆಗಲೇ ಇದ್ದರೆ ಕಾರ್ಡ್ ಬಳಸಿ, ತೊಂದರೆಯಿಲ್ಲ. ಇಲ್ಲವೆಂದರೆ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ 3.5ರ ಹತ್ತಿರ ಬಡ್ಡಿ. 25,000 ಉಳಿಸಿಕೊಂಡರೆ ಒಂದೇ ತಿಂಗಳಿಗೆ 875. ಅದರ ಪಕ್ಕದಲ್ಲೇ ಜೂನ್ ಫೀಸು ನಿಂತಿರುತ್ತದೆ. ಒಡವೆ ಇಟ್ಟು ಪ್ರವಾಸ ಹೋಗುತ್ತೇವೆ ಅಂದ ಒಬ್ಬರಿಗೆ ನಾನು ಗಟ್ಟಿಯಾಗಿ ಬೇಡ ಅಂದಿದ್ದೇನೆ. ಆ ವರ್ಷ ಅವರು ಮಕ್ಕಳನ್ನು ಮೈಸೂರಿನ ಮೃಗಾಲಯಕ್ಕೆ ಒಂದು ದಿನ ಕರೆದುಕೊಂಡು ಹೋಗಿಬಂದರು.

"ಆಫೀಸಿನಲ್ಲಿ ಎಲ್‌ಟಿಎ ಕೊಡ್ತಾರೆ, ಅದರಲ್ಲಿ ರೂಮಿನ ಬಿಲ್ ಹಾಕಬಹುದಾ?"

ಆಗಲ್ಲ. ಎಲ್‌ಟಿಎ ಅಂದರೆ ರಜೆಯ ಪ್ರಯಾಣಕ್ಕೆ ಅಂತ ಆಫೀಸು ಕೊಡೋ ಭತ್ಯೆ, ಅದರ ತೆರಿಗೆ ವಿನಾಯಿತಿ ಪ್ರಯಾಣದ ಟಿಕೆಟ್ಟಿಗೆ ಮಾತ್ರ, ಅದೂ ಭಾರತದೊಳಗೆ, ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ. ನಾಲ್ಕು ವರ್ಷಕ್ಕೆ ಎರಡು ಪ್ರಯಾಣ. 2022ರಿಂದ 2025ರ ಅವಧಿ ಮುಗಿದು 2026ರಿಂದ 2029ರದ್ದು ಶುರುವಾಗಿದೆ. ಹಿಂದಿನದರಲ್ಲಿ ಬಳಸದೆ ಉಳಿದ ಒಂದು ಪ್ರಯಾಣವನ್ನು ಹೊಸ ಅವಧಿಯ ಮೊದಲ ವರ್ಷ 2026ರಲ್ಲಿ ಬಳಸಬಹುದು. ಟಿಕೆಟ್ಟು ಎಸೆಯಬೇಡಿ.

"ಮುಂದಿನ ವರ್ಷಕ್ಕೆ ಯಾವಾಗಿಂದ ಉಳಿಸೋಕೆ ಶುರು ಮಾಡಬೇಕು?"

ಫೀಸು ಕಟ್ಟಿದ ಜೂನ್ ತಿಂಗಳಲ್ಲೇ. ಬ್ಯಾಂಕಿನಲ್ಲಿ ಹತ್ತು ತಿಂಗಳ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟೋ ಠೇವಣಿ, ಮಾಡಿ. ತಿಂಗಳಿಗೆ 2,500ರಂತೆ ಮಾರ್ಚ್ ಹೊತ್ತಿಗೆ 25,000, ಬಡ್ಡಿ ಬೇರೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಇದಕ್ಕೆ ಹೊಂದಲ್ಲ. ಸಂಬಳ ಬಂದ ಮರುದಿನವೇ ಕಡಿತವಾಗೋ ಹಾಗೆ ದಿನಾಂಕ ಕೊಡಿ. ನಮ್ಮದು ಪ್ರತಿ ತಿಂಗಳು 3ನೇ ತಾರೀಕು. ಆ ಆರ್‌ಡಿಗೆ ಮಗ "ಸಮುದ್ರ" ಅಂತ ಹೆಸರಿಟ್ಟಿದ್ದಾನೆ, ನೋಟ್‌ಬುಕ್ಕಿನಲ್ಲಿ ನಾನೂ ಹಾಗೇ ಬರೆಯುತ್ತೇನೆ.